ಹೋಲೊಗ್ರಾಮ್‌ನ ಗಣಿತ ಮತ್ತು ಕಳೆದುಹೋಗುವ ಒಂದು ಚಿಹ್ನೆ

ಹೋಲೊಗ್ರಾಮ್ ಎಂದರೆ ಲೇಸರ್ ಬೆಳಕಿನಲ್ಲಿ ತೆಗೆದ ಮೂರು ಆಯಾಮದ ಫೋಟೊ ಎಂಬ ವಿವರಣೆ ಎಲ್ಲೆಡೆಯೂ ಸಿಗುತ್ತದೆ. ಅದು ತಪ್ಪೇನಲ್ಲ, ಆದರೆ ಅದನ್ನು ಓದಿ ಮುಗಿಸಿದ ಮೇಲೂ ಮುಖ್ಯ ಪ್ರಶ್ನೆ ಇದ್ದಲ್ಲೇ ಇರುತ್ತದೆ. ಚಪ್ಪಟೆಯಾದ ಗಾಜಿನ ಫಲಕವೊಂದರ ಮೇಲೆ, ಸೂಕ್ಷ್ಮದರ್ಶಕದಲ್ಲಿ ನೋಡಿದರೂ ವಸ್ತುವಿನ ಹೋಲಿಕೆಯೇ ಇಲ್ಲದ ಒಂದಷ್ಟು ಗೆರೆಗಳಿರುತ್ತವೆ. ಸರಿಯಾದ ದಿಕ್ಕಿನಿಂದ ಬೆಳಕು ಬಿಟ್ಟ ಕೂಡಲೇ ಆ ಗೆರೆಗಳ ಹಿಂದೆ ವಸ್ತುವೇ ಬಂದು ನಿಂತಂತೆ ಕಾಣುವುದು ಹೇಗೆ? ಇದಕ್ಕೆ ಬೇಕಾದ ಗಣಿತ ಅಷ್ಟೇನೂ ದೊಡ್ಡದಲ್ಲ. ಎರಡು ಪದಗಳ ಮೊತ್ತದ ವರ್ಗವನ್ನು ಬಿಡಿಸಿ ಬರೆಯಲು ಬಲ್ಲವರಿಗೆ, ಸಮ್ಮಿಶ್ರ ಸಂಖ್ಯೆಗಳ ಅಲ್ಪ ಪರಿಚಯವಿದ್ದರೆ, ಸಾಕು. ಆ ವಿಸ್ತರಣೆಯಲ್ಲಿ ನಮಗೆ ಬೇಡವಾದ ಪದವೊಂದು ತಾನಾಗಿ ಬಂದು ಸೇರಿಕೊಳ್ಳುತ್ತದೆ. ಹೊಲೊಗ್ರಫಿಯ ಬೆಳವಣಿಗೆಯನ್ನು ಆ ಒಂದು ಪದದ ಜೊತೆಗಿನ ಸೆಣಸಾಟ ಎಂದು ಓದಿಕೊಂಡರೆ ಉಳಿದ ವಿವರಗಳೆಲ್ಲ ಅದರ ಸುತ್ತ ತಾವಾಗಿ ಹೊಂದಿಕೊಳ್ಳುತ್ತವೆ ಎಂಬುದು ನನ್ನ ಅನಿಸಿಕೆ.

ಮೊದಲು ಬೆಳಕಿನ ವಿಷಯ. ಹೀಲಿಯಂ-ನಿಯಾನ್ ಲೇಸರ್‌ನ ಕೆಂಪು ಬೆಳಕಿನ ತರಂಗದೂರ ಸುಮಾರು 633 ನ್ಯಾನೋಮೀಟರ್. ಅದು ಸೆಕೆಂಡಿಗೆ ಸುಮಾರು 474 ಲಕ್ಷ ಕೋಟಿ ಸಲ ಕಂಪಿಸುತ್ತದೆ. ಇಷ್ಟು ವೇಗದ ಏರಿಳಿತವನ್ನು ಯಾವ ಫಿಲ್ಮ್ ಆಗಲಿ, ಕ್ಯಾಮೆರಾದ ಸೆನ್ಸರ್ ಆಗಲಿ, ಕಣ್ಣಾಗಲಿ ಹಿಂಬಾಲಿಸಲಾರದು. ಅವು ಗ್ರಹಿಸುವುದು ತೀವ್ರತೆಯನ್ನು, ಅಂದರೆ ಅಲೆಯ ಪಾರದ (ನಡುಮಟ್ಟದಿಂದ ಅಲೆ ಏರುವ ಗರಿಷ್ಠ ಎತ್ತರದ) ವರ್ಗದ ಸರಾಸರಿಯನ್ನು ಮಾತ್ರ. ಅಲೆಯ ಇನ್ನರ್ಧ ಮಾಹಿತಿಯಾದ ಪ್ರಾವಸ್ಥೆ, ಎಂದರೆ ಒಂದು ಬಿಂದುವಿನಲ್ಲಿ ಅಲೆ ಆ ಕ್ಷಣಕ್ಕೆ ಉಬ್ಬಿನಲ್ಲಿದೆಯೋ ತಗ್ಗಿನಲ್ಲಿದೆಯೋ ಎಂಬ ವಿವರ, ದಾಖಲಾಗದೆಯೇ ಹೋಗುತ್ತದೆ. ಅಲೆ ಎಷ್ಟು ದೂರದಿಂದ ಬಂದಿತು, ಯಾವ ದಿಕ್ಕಿನಿಂದ ಬಂದಿತು ಎಂಬುದೆಲ್ಲ ಅಡಗಿರುವುದು ಮುಖ್ಯವಾಗಿ ಈ ಪ್ರಾವಸ್ಥೆಯಲ್ಲಿ. ಸಾಮಾನ್ಯ ಫೋಟೊದಲ್ಲಿ ಆಳ ಕಾಣದಿರಲು ಇದೇ ಕಾರಣ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಜನಪ್ರಿಯ ವಿವರಣೆಗಳು ಇದನ್ನು ಹೆಚ್ಚಾಗಿ ಬಿಟ್ಟುಬಿಡುತ್ತವೆ. ಮೂರು ಆಯಾಮದ ದೃಶ್ಯವನ್ನು ಎರಡು ಆಯಾಮದ ಫಲಕ ಹಿಡಿದಿಡುವುದು ಹೇಗೆ ಸಾಧ್ಯ? ಖಾಲಿ ಜಾಗದಲ್ಲಿ ಬೆಳಕು ತರಂಗ ಸಮೀಕರಣವನ್ನು ಪಾಲಿಸುತ್ತದೆ. ಒಂದೇ ಬಣ್ಣದ ಬೆಳಕು ಒಂದೇ ಕಡೆಗೆ ಸಾಗುತ್ತಿರುವಾಗ, ಅದು ದಾಟಿಹೋಗುವ ಒಂದು ಸಮತಲದ ಪ್ರತಿ ಬಿಂದುವಿನಲ್ಲೂ ಅದರ ಪಾರ ಮತ್ತು ಪ್ರಾವಸ್ಥೆ ಗೊತ್ತಾದರೆ, ಆ ಸಮತಲದ ಮುಂದಿರುವ ಇಡೀ ಅವಕಾಶದಲ್ಲಿ ಅಲೆ ಹೇಗಿರುತ್ತದೆ ಎಂಬುದು ಸಂಪೂರ್ಣವಾಗಿ ನಿರ್ಧಾರವಾಗುತ್ತದೆ. ಆದ್ದರಿಂದ ವಸ್ತುವಿನ ಆಕಾರವನ್ನು ಎಲ್ಲಿಯೂ ಕೂಡಿಡುವ ಅಗತ್ಯವೇ ಇಲ್ಲ. ವಸ್ತುವಿನಿಂದ ಹೊರಟು ಫಲಕವನ್ನು ತಲುಪಿದ ಅಲೆಯನ್ನು ಆ ಸಮತಲದಲ್ಲಿ ಮರುಸೃಷ್ಟಿಸಿದರೆ, ಆಚೆ ಬದಿಯಲ್ಲಿರುವ ಕಣ್ಣಿಗೆ ವಸ್ತು ಇನ್ನೂ ಅಲ್ಲಿಯೇ ಇದೆಯೋ ಇಲ್ಲವೋ ಎಂದು ತಿಳಿಯುವ ಮಾರ್ಗವೇ ಇರುವುದಿಲ್ಲ. ಸಾಕಷ್ಟು ದೊಡ್ಡ ಹೋಲೊಗ್ರಾಮ್‌ನಲ್ಲಿ ತಲೆಯನ್ನು ಸರಿಸಿದರೆ ಮುಂದಿನ ವಸ್ತುವಿನ ಮರೆಯಲ್ಲಿದ್ದದ್ದು ಹೊರಗೆ ಇಣುಕುತ್ತದೆ, ಹತ್ತಿರದ್ದನ್ನೂ ದೂರದ್ದನ್ನೂ ನೋಡಲು ಕಣ್ಣು ಬೇರೆ ಬೇರೆಯಾಗಿ ಫೋಕಸ್ ಮಾಡಬೇಕಾಗುತ್ತದೆ, ದೃಶ್ಯದಲ್ಲೊಂದು ಭೂತಗನ್ನಡಿಯಿದ್ದರೆ ಅದರ ಬಿಂಬವೂ ದೊಡ್ಡದು ಮಾಡಿಯೇ ತೋರಿಸುತ್ತದೆ. ಬಂದ ಅಲೆ ಅದೇ ಆದ ಮೇಲೆ ಇವೆಲ್ಲವೂ ಅದರ ಜೊತೆಗೇ ಬರುತ್ತವೆ.

ಹಾಗಿದ್ದರೆ ಉಳಿಯುವುದು ಪ್ರಾವಸ್ಥೆಯನ್ನು ದಾಖಲಿಸುವ ಸಮಸ್ಯೆ. ಅದಕ್ಕೆ ಉಪಾಯ ವ್ಯತಿಕರಣ, ಅಂದರೆ ಎರಡು ಅಲೆಗಳು ಕೂಡಿದಲ್ಲಿ ಒಂದನ್ನೊಂದು ಹೆಚ್ಚಿಸುವುದು ಅಥವಾ ಕುಗ್ಗಿಸುವುದು. ವಸ್ತುವಿನಿಂದ ಬರುವ ಅಲೆಯ ಜೊತೆಗೆ, ಅದೇ ಲೇಸರ್‌ನಿಂದ ಸೀಳಿ ತೆಗೆದ, ನಮಗೆ ಪೂರ್ತಿ ಗೊತ್ತಿರುವ ಇನ್ನೊಂದು ಅಲೆಯನ್ನೂ ಫಲಕದ ಮೇಲೆ ಬೀಳಿಸಬೇಕು. ಮೊದಲನೆಯದನ್ನು ವಸ್ತು ತರಂಗ ಎಂದೂ ಎರಡನೆಯದನ್ನು ಆಧಾರ ತರಂಗ ಎಂದೂ ಕರೆಯೋಣ. ಎರಡರ ಪಾರವೂ 1 ಇರಲಿ. ಒಂದೊಂದೇ ಬಿದ್ದರೆ ಪ್ರಾವಸ್ಥೆ ಏನೇ ಇದ್ದರೂ ತೀವ್ರತೆ 1 ಆಗಿಯೇ ಉಳಿಯುತ್ತದೆ. ಎರಡೂ ಒಟ್ಟಿಗೆ ಬಿದ್ದಾಗ, ಪ್ರಾವಸ್ಥೆಗಳ ವ್ಯತ್ಯಾಸ ಸೊನ್ನೆಯಾದಲ್ಲಿ ತೀವ್ರತೆ 4, ವ್ಯತ್ಯಾಸ 90 ಡಿಗ್ರಿಯಾದಲ್ಲಿ 2, 180 ಡಿಗ್ರಿಯಾದಲ್ಲಿ ಸೊನ್ನೆ. ಕಣ್ಣಿಗೆ ಕಾಣದ ಪ್ರಾವಸ್ಥೆ ಈಗ ಫಿಲ್ಮ್‌ಗೆ ಕಾಣುವ ಬೆಳಕು-ಕತ್ತಲಾಗಿ ಬದಲಾಯಿತು. ಆದರೆ ವ್ಯತ್ಯಾಸ ಋಣ 90 ಡಿಗ್ರಿಯಾದಾಗಲೂ ತೀವ್ರತೆ 2 ಆಗಿಯೇ ಇರುತ್ತದೆ. ತೀವ್ರತೆಯನ್ನು ತೀರ್ಮಾನಿಸುವುದು ಪ್ರಾವಸ್ಥೆಯ ವ್ಯತ್ಯಾಸದ ಕೋಸೈನ್. ಧನ ಕೋನಕ್ಕೂ ಋಣ ಕೋನಕ್ಕೂ ಕೋಸೈನ್ ಒಂದೇ. ವಸ್ತು ತರಂಗ ಆಧಾರ ತರಂಗಕ್ಕಿಂತ ಮುಂದಿದೆಯೋ ಹಿಂದಿದೆಯೋ ಎಂಬ ಚಿಹ್ನೆ ಫಲಕದ ಆ ಬಿಂದುವಿನಲ್ಲಿ ಅಳಿಸಿಹೋಗಿರುತ್ತದೆ. ಆ ಬೇಡವಾದ ಪದದ ಹುಟ್ಟು ಇಲ್ಲಿಯೇ.

ಇದನ್ನು ಬೀಜಗಣಿತದಲ್ಲಿ ಬರೆಯುವುದು ಸುಲಭ. ವಸ್ತು ತರಂಗವನ್ನು ವ ಎಂಬ ಸಮ್ಮಿಶ್ರ ಸಂಖ್ಯೆಯೂ ಆಧಾರ ತರಂಗವನ್ನು ಆ ಎಂಬ ಸಮ್ಮಿಶ್ರ ಸಂಖ್ಯೆಯೂ ಸೂಚಿಸಲಿ. ಸಂಖ್ಯೆಯ ಪರಿಮಾಣ ಪಾರವನ್ನೂ ಕೋನ ಪ್ರಾವಸ್ಥೆಯನ್ನೂ ಹೇಳುತ್ತದೆ. ನಕ್ಷತ್ರ ಚಿಹ್ನೆ ಕಾಂಜುಗೇಟ್‌ಗೆ, ಅಂದರೆ ಪರಿಮಾಣ ಅದೇ ಇದ್ದು ಕೋನದ ಚಿಹ್ನೆ ಮಾತ್ರ ತಿರುಗಿದ ಸಂಖ್ಯೆಗೆ, ಗುರುತಾಗಲಿ. ಆಗ ಫಲಕದ ಮೇಲಿನ ತೀವ್ರತೆ

|ವ + ಆ|² = |ವ|² + |ಆ|² + ವ·ಆ* + ವ*·ಆ

ಮೊದಲ ಎರಡು ಪದಗಳಲ್ಲಿ ಪ್ರಾವಸ್ಥೆಯ ಸುಳಿವಿಲ್ಲ. ಮೂರನೆಯದರಲ್ಲಿ ನಮಗೆ ಬೇಕಾದ ವ ಇದೆ, ನಾಲ್ಕನೆಯದರಲ್ಲಿ ಅದರ ಕಾಂಜುಗೇಟ್ ಇದೆ. ತೀವ್ರತೆ ವಾಸ್ತವ ಸಂಖ್ಯೆಯೇ ಆಗಿರಬೇಕಾದ್ದರಿಂದ ಇವೆರಡೂ ಜೋಡಿಯಾಗಿಯೇ ಬರಬೇಕು, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ದಾಖಲಿಸದೆ ಬಿಡುವಂತಿಲ್ಲ. ಈಗ ಫಲಕವನ್ನು ಸಂಸ್ಕರಿಸಿ, ಅದರ ಪಾರದರ್ಶಕತೆ ಬಿದ್ದ ತೀವ್ರತೆಗೆ ಅನುಪಾತದಲ್ಲಿರುವಂತೆ ಮಾಡಿದೆವೆಂದುಕೊಳ್ಳಿ. ವಸ್ತುವನ್ನು ತೆಗೆದುಹಾಕಿ ಆಧಾರ ತರಂಗವನ್ನಷ್ಟೇ ಮತ್ತೆ ಬಿಟ್ಟರೆ, ಫಲಕದಿಂದ ಹೊರಬರುವ ಅಲೆ ಮೇಲಿನ ಮೊತ್ತವನ್ನು ಆ ಯಿಂದ ಗುಣಿಸಿದ್ದಾಗಿರುತ್ತದೆ:

ಆ·(|ವ|² + |ಆ|²) + |ಆ|²·ವ + ಆ²·ವ*

ನಡುವಿನ ಪದವನ್ನು ನೋಡಿ. ಆಧಾರ ತರಂಗ ಎಲ್ಲೆಡೆ ಒಂದೇ ತೀವ್ರತೆಯದಾಗಿದ್ದರೆ |ಆ|² ಬರೀ ಒಂದು ಸ್ಥಿರಾಂಕ. ಉಳಿಯುವುದು ವಸ್ತು ತರಂಗವೇ, ಪಾರ ಮತ್ತು ಪ್ರಾವಸ್ಥೆ ಎರಡರ ಸಮೇತ. ಫಲಕವು ನೆಗೆಟಿವ್ ಆಗಿದ್ದು, ಬೆಳಕು ಬಿದ್ದಲ್ಲಿ ಕಪ್ಪಾಗಿದ್ದರೂ ಚಿಂತೆಯಿಲ್ಲ. ಆಗ ವ ಬದಲಿಗೆ ಋಣ ವ ಸಿಗುತ್ತದೆ, ಅಂದರೆ ಇಡೀ ಅಲೆಯ ಪ್ರಾವಸ್ಥೆ ಒಟ್ಟಾಗಿ 180 ಡಿಗ್ರಿ ಸರಿಯುತ್ತದೆ, ಕಣ್ಣಿಗೆ ಅದರಿಂದ ಯಾವ ವ್ಯತ್ಯಾಸವೂ ಇಲ್ಲ. ಹೋಲೊಗ್ರಾಮ್‌ಗೆ ನೆಗೆಟಿವ್, ಪಾಸಿಟಿವ್ ಎಂಬ ಭೇದವಿಲ್ಲದಿರುವುದು ಹೀಗಾಗಿ.

ವಸ್ತು ಒಂದೇ ಒಂದು ಬಿಂದು ಎಂದುಕೊಂಡು ಲೆಕ್ಕ ಮಾಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ನನಗೆ ಹೋಲೊಗ್ರಾಮ್ ಅರ್ಥವಾಗುವುದು ಈ ಉದಾಹರಣೆಯಲ್ಲಿಯೇ. ಬಿಂದು ಫಲಕದಿಂದ 20 ಸೆಂಟಿಮೀಟರ್ ದೂರದಲ್ಲಿದೆ, ಆಧಾರ ತರಂಗ ನೇರವಾಗಿ ಫಲಕಕ್ಕೆ ಲಂಬವಾಗಿ ಬರುತ್ತಿದೆ. ಕೇಂದ್ರದಿಂದ ತ್ರಿಜ್ಯದಷ್ಟು ಆಚೆಗೆ ಹೋದಂತೆ ಬಿಂದುವಿನಿಂದ ಬರುವ ಬೆಳಕು ಹೆಚ್ಚುವರಿಯಾಗಿ ಕ್ರಮಿಸಬೇಕಾದ ಹಾದಿ, ತ್ರಿಜ್ಯದ ವರ್ಗವನ್ನು ದೂರದ ಇಮ್ಮಡಿಯಿಂದ ಭಾಗಿಸಿದಷ್ಟು. ಇದು ಒಂದು ಪೂರ್ಣ ತರಂಗದೂರದಷ್ಟು ಹೆಚ್ಚಿದಾಗಲೆಲ್ಲ ಒಂದು ಬೆಳಕಿನ ಉಂಗುರ ಬೀಳುತ್ತದೆ. ಕೇಂದ್ರದಲ್ಲಿ ಎರಡು ಅಲೆಗಳೂ ಹೊಂದಿಕೊಂಡಿದ್ದರೆ ಮೊದಲ ಉಂಗುರದ ತ್ರಿಜ್ಯ ಸುಮಾರು 0.50 ಮಿಲಿಮೀಟರ್, ಎರಡನೆಯದು 0.71, ಮೂರನೆಯದು 0.87, ಹೊರಗೆ ಹೋದಂತೆ ಉಂಗುರಗಳು ಒತ್ತೊತ್ತಾಗುತ್ತ, ಕೇಂದ್ರದಿಂದ 2 ಸೆಂಟಿಮೀಟರ್ ದೂರದಲ್ಲಿ ಅವುಗಳ ನಡುವಿನ ಅಂತರ ಸುಮಾರು 6 ಮೈಕ್ರೊಮೀಟರ್‌ಗೆ ಇಳಿಯುತ್ತದೆ. ಒತ್ತೊತ್ತಾದ ಗೆರೆಗಳು ಬೆಳಕನ್ನು ಹೆಚ್ಚು ಬಾಗಿಸುತ್ತವೆ ಎಂಬುದು ವಿವರ್ತನೆಯ, ಅಂದರೆ ಸಣ್ಣ ಸಂದುಗಳಲ್ಲಿ ಹಾಯುವಾಗ ಬೆಳಕು ಬಾಗುವುದರ, ನಿಯಮ. ಇಲ್ಲಿ ಪ್ರತಿ ತ್ರಿಜ್ಯದಲ್ಲೂ ಬಾಗುವ ಕೋನ ಎಷ್ಟಿರುತ್ತದೆಯೆಂದರೆ, ಬಾಗಿದ ಕಿರಣಗಳನ್ನೆಲ್ಲ ಹಿಂದಕ್ಕೆ ಎಳೆದರೆ ಅವು 20 ಸೆಂಟಿಮೀಟರ್ ಹಿಂದಿನ ಅದೇ ಬಿಂದುವಿನಲ್ಲಿ ಕೂಡುತ್ತವೆ. ಅದೇ ಬಿಂದುವಿನ ಮಿಥ್ಯ ಪ್ರತಿಬಿಂಬ, ಅಂದರೆ ವ ಪದ.

ಆದರೆ ಇಂಥ ಒತ್ತೊತ್ತಾದ ಗೆರೆಗಳ ಸಾಲು, ಅಂದರೆ ಗ್ರೇಟಿಂಗ್, ಬೆಳಕನ್ನು ಒಂದೇ ಕಡೆಗೆ ಬಾಗಿಸುವುದಿಲ್ಲ. ಅಷ್ಟೇ ಬೆಳಕು ಒಳಮುಖವಾಗಿಯೂ ಬಾಗಿ, ಫಲಕದ ಈಚೆಗೆ 20 ಸೆಂಟಿಮೀಟರ್ ದೂರದಲ್ಲಿ ಒಂದು ಸತ್ಯ ಪ್ರತಿಬಿಂಬವಾಗಿ ಸೇರುತ್ತದೆ. ಅದು ವ* ಪದ. ಉಂಗುರಗಳ ಅಂತರ ದೂರವನ್ನು ಹೇಳಬಲ್ಲದು, ಬಿಂದು ಫಲಕದ ಹಿಂದಿತ್ತೋ ಮುಂದಿತ್ತೋ ಎಂಬುದನ್ನು ಹೇಳಲಾರದು. ಕಳೆದುಹೋದ ಚಿಹ್ನೆ ಇಲ್ಲಿ ಕಣ್ಣಿಗೆ ಕಾಣುವ ಜೋಡಿ ಬಿಂಬವಾಗಿ ಪ್ರತ್ಯಕ್ಷವಾಗಿದೆ. ಅನೇಕ ಬಿಂದುಗಳ ವಸ್ತುವಾದರೆ ಇಂಥ ಉಂಗುರಗಳ ಗುಂಪುಗಳು ಒಂದರ ಮೇಲೊಂದು ಬೀಳುತ್ತವೆ. ಆಗ ಜೋಡಿ ಬಿಂಬದಲ್ಲಿ ಆಳ ತಿರುವುಮುರುವಾಗಿ, ಮೂಗು ಒಳಕ್ಕೂ ಕಿವಿ ಮುಂದಕ್ಕೂ ಬಂದ ಮುಖದಂತೆ ಕಾಣುತ್ತದೆ. ಇದೇ ಉಂಗುರಗಳ ಮೇಲೆ ಕೆಂಪಿನ ಬದಲು 532 ನ್ಯಾನೋಮೀಟರ್‌ನ ಹಸಿರು ಬೆಳಕು ಬಿಟ್ಟರೆ ಬಾಗುವ ಕೋನ ಕಡಿಮೆಯಾಗಿ, ಬಿಂದು ಸುಮಾರು 23.8 ಸೆಂಟಿಮೀಟರ್ ದೂರಕ್ಕೆ ಸರಿಯುತ್ತದೆ. ಹಲವು ಬಣ್ಣಗಳು ಬೆರೆತ ಬೆಳಕಿನಲ್ಲಿ ಇಂಥ ಹೋಲೊಗ್ರಾಮ್ ಮಸುಕಾಗಲು ಬೇರೆ ಕಾರಣ ಹುಡುಕಬೇಕಿಲ್ಲ.

ಡೆನ್ನಿಸ್ ಗ್ಯಾಬರ್ 1947ರಲ್ಲಿ ಈ ವಿಚಾರಕ್ಕೆ ಬಂದದ್ದು ಮೂರು ಆಯಾಮದ ಚಿತ್ರಗಳ ಆಸೆಯಿಂದೇನೂ ಅಲ್ಲ. ಹಂಗೆರಿಯಲ್ಲಿ ಹುಟ್ಟಿ ಇಂಗ್ಲೆಂಡಿನ ರಗ್ಬಿಯ ಬ್ರಿಟಿಷ್ ಥಾಮ್ಸನ್-ಹೂಸ್ಟನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಅವರಿಗೆ ಇಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಸುಧಾರಿಸಬೇಕಿತ್ತು. ಇಲೆಕ್ಟ್ರಾನ್ ಮಸೂರಗಳ ಗೋಳೀಯ ದೋಷವನ್ನು (ಅಂಚಿನ ಕಿರಣಗಳೂ ನಡುವಿನ ಕಿರಣಗಳೂ ಒಂದೇ ಬಿಂದುವಿನಲ್ಲಿ ಕೂಡದಿರುವುದನ್ನು) ಮಸೂರದಲ್ಲಿಯೇ ತಿದ್ದುವುದು ಆಗ ಕಷ್ಟವಾಗಿತ್ತು. ಆದ್ದರಿಂದ ಇಲೆಕ್ಟ್ರಾನ್ ಅಲೆಯನ್ನು ಅದರ ದೋಷದ ಸಮೇತ ಪೂರ್ತಿಯಾಗಿ ದಾಖಲಿಸಿ, ಆಮೇಲೆ ಬೆಳಕಿನಲ್ಲಿ ಪುನಃ ಸೃಷ್ಟಿಸುವಾಗ ತಿದ್ದಿಕೊಳ್ಳೋಣ ಎಂಬುದು ಅವರ ಯೋಚನೆ. ತತ್ತ್ವವನ್ನು ತೋರಿಸಲು ಅವರು ಬಳಸಿದ್ದು ಪಾದರಸದ ದೀಪ. ಅದರ ಬೆಳಕಿನ ಸಂಸಕ್ತತೆ, ಅಂದರೆ ಅಲೆಯ ಪ್ರಾವಸ್ಥೆ ಕ್ರಮಬದ್ಧವಾಗಿರುವ ಗುಣ, ಉಳಿಯುತ್ತಿದ್ದದ್ದು ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗದಷ್ಟು ಹಾದಿಯವರೆಗೆ ಮಾತ್ರ. ಹೈಗನ್ಸ್, ಯಂಗ್, ಫ್ರೆನೆಲ್ ಮೊದಲಾದ ವಿಜ್ಞಾನಿಗಳ ಹೆಸರುಗಳನ್ನು ಬರೆದ ಪಾರದರ್ಶಕ ಸ್ಲೈಡ್‌ನ ಮೂಲಕ ಬೆಳಕು ಹಾಯಿಸಿ, ಅಕ್ಷರಗಳಿಗೆ ತಾಗದೆ ನೇರವಾಗಿ ಬಂದ ಬೆಳಕನ್ನೇ ಆಧಾರ ತರಂಗವಾಗಿ ಉಪಯೋಗಿಸಿದರು. 1948ರಲ್ಲಿ ಪ್ರಕಟವಾದ ಈ ಕೆಲಸಕ್ಕೆ 1971ರ ನೊಬೆಲ್ ಪಾರಿತೋಷಕ ಬಂದಿತು. ಆದರೆ ಅವರ ಜೋಡಣೆಯಲ್ಲಿ ನೇರ ಬೆಳಕು, ಬೇಕಾದ ಬಿಂಬ, ಜೋಡಿ ಬಿಂಬ ಮೂರೂ ಒಂದೇ ದಿಕ್ಕಿನಲ್ಲಿ ಹೊರಡುತ್ತಿದ್ದವು. ಒಂದನ್ನು ನೋಡಹೊರಟರೆ ಇನ್ನೊಂದು ಫೋಕಸ್ ತಪ್ಪಿದ ಮಬ್ಬಾಗಿ ಅದರ ಮೇಲೆ ಕವಿಯುತ್ತಿತ್ತು. 1950ರ ದಶಕದ ನಡುಭಾಗಕ್ಕೆ ಈ ವಿಷಯದಲ್ಲಿ ಆಸಕ್ತಿ ಬಹುಮಟ್ಟಿಗೆ ಕುಗ್ಗಿತ್ತು. ಲೇಸರ್ ಇಲ್ಲದ್ದು ಅದಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ, ನನ್ನ ಮಟ್ಟಿಗೆ ಜೋಡಿ ಬಿಂಬವೂ ಅಷ್ಟೇ ದೊಡ್ಡ ಕಾರಣ.

ಜೋಡಿ ಬಿಂಬದ ಈ ತೊಡಕನ್ನು ಬಿಡಿಸಿದವರು ಮಿಷಿಗನ್ ವಿಶ್ವವಿದ್ಯಾಲಯದ ಎಮೆಟ್ ಲೀತ್ ಮತ್ತು ಯೂರಿಸ್ ಉಪಾಟ್ನಿಯೆಕ್ಸ್. ರೇಡಾರ್ ಸಂಕೇತಗಳನ್ನು ದೃಗ್ವಿಜ್ಞಾನದ ಮೂಲಕ ಸಂಸ್ಕರಿಸುವ ಕೆಲಸದಿಂದ ಬಂದ ಲೀತ್‌ಗೆ ಹೋಲೊಗ್ರಾಮ್ ಕಂಡದ್ದು ಸಂವಹನದ ಸಮಸ್ಯೆಯಾಗಿ. ರೇಡಿಯೊದಲ್ಲಿ ಧ್ವನಿಯನ್ನು ಹೆಚ್ಚಿನ ಆವೃತ್ತಿಯ ವಾಹಕ ಅಲೆಯ ಮೇಲೆ ಕೂರಿಸುವಂತೆ, ಇಲ್ಲಿ ಆಧಾರ ತರಂಗವನ್ನು ಓರೆಯಾಗಿ ಬಿಟ್ಟರೆ ಸಾಕು. ಓರೆಯಾಗಿ ಬರುವ ಸಮತಲ ಅಲೆಯ ಪ್ರಾವಸ್ಥೆ ಫಲಕದ ಉದ್ದಕ್ಕೂ ಒಂದೇ ಸಮನೆ ಏರುತ್ತ ಹೋಗುತ್ತದೆ. ಈ ಏರಿಕೆ ವಾಹಕವಾಗುತ್ತದೆ. ಪುನಃ ಸೃಷ್ಟಿಸುವಾಗ ಮೊದಲ ಎರಡು ಪದಗಳು ಆಧಾರ ತರಂಗದ ದಿಕ್ಕಿನಲ್ಲಿ ಮುಂದೆ ಸಾಗುತ್ತವೆ, ವ ತನ್ನ ಮೂಲ ದಿಕ್ಕಿನಲ್ಲಿ ಹೊರಡುತ್ತದೆ, ಆ²·ವ* ಪದದಲ್ಲಿ ಆಧಾರ ತರಂಗ ಎರಡು ಸಲ ಬಂದಿರುವುದರಿಂದ ಜೋಡಿ ಬಿಂಬ ಇನ್ನೂ ಹೆಚ್ಚು ಓರೆಯಾಗಿ ಬೇರೆಡೆಗೆ ಹೋಗುತ್ತದೆ. ಚಿಹ್ನೆಯ ಗೊಂದಲವೂ ಇದರಿಂದಲೇ ತೀರುತ್ತದೆ: ವಸ್ತು ತರಂಗದ ಪ್ರಾವಸ್ಥೆ ಮುಂದೋಡಿದಲ್ಲಿ ಗೆರೆಗಳು ಒತ್ತಾಗುತ್ತವೆ, ಹಿಂದುಳಿದಲ್ಲಿ ವಿರಳವಾಗುತ್ತವೆ ಅಥವಾ ಇದರ ವಿರುದ್ಧವಾಗುತ್ತದೆ, ಯಾವುದು ಯಾವುದೆಂದು ವಾಹಕದ ಓರೆ ಹೇಳುತ್ತದೆ. ಮೂರು ಭಾಗಗಳೂ ಒಂದರ ಮೇಲೊಂದು ಬೀಳದಿರಬೇಕಾದರೆ ವಾಹಕದ ಪ್ರಾದೇಶಿಕ ಆವೃತ್ತಿ (ಫಲಕದ ಪ್ರತಿ ಮಿಲಿಮೀಟರ್‌ನಲ್ಲಿ ಅದರ ಏರಿಳಿತ ಎಷ್ಟು ಸಲ ಎಂಬುದು) ವಸ್ತು ತರಂಗದ ಗರಿಷ್ಠ ಆವೃತ್ತಿಯ ಕನಿಷ್ಠ ಮೂರು ಪಟ್ಟು ಇರಬೇಕು ಎಂದು ಗಣಿತ ಹೇಳುತ್ತದೆ, ಏಕೆಂದರೆ |ವ|² ಪದದ ಹರವು ವ ಪದದ ಎರಡರಷ್ಟಿರುತ್ತದೆ. 1962ರಲ್ಲಿ ಅವರು ಈ ವಿಧಾನವನ್ನು ತೋರಿಸಿದರು; 1964ರ ಹೊತ್ತಿಗೆ, ಆಗಷ್ಟೇ ಬಂದಿದ್ದ ಲೇಸರ್‌ನ ಸಹಾಯದಿಂದ ತೆಗೆದ ಆಟಿಕೆ ರೈಲಿನ ಹೋಲೊಗ್ರಾಮ್ ಜಗತ್ತಿನ ಗಮನ ಸೆಳೆಯಿತು.

ಓರೆಗೆ ತೆರಬೇಕಾದ ಬೆಲೆ ಗೆರೆಗಳ ಸೂಕ್ಷ್ಮತೆ. ಎರಡು ಅಲೆಗಳ ನಡುವಿನ ಕೋನ 30 ಡಿಗ್ರಿಯಾದರೆ, ತರಂಗದೂರವನ್ನು ಅರ್ಧ ಕೋನದ ಸೈನ್‌ನ ಇಮ್ಮಡಿಯಿಂದ ಭಾಗಿಸಿದಾಗ ಗೆರೆಗಳ ಅಂತರ 1.22 ಮೈಕ್ರೊಮೀಟರ್, ಅಂದರೆ ಮಿಲಿಮೀಟರ್‌ಗೆ ಸುಮಾರು 820 ಗೆರೆಗಳು. ಸಾಮಾನ್ಯ ಫೋಟೊ ಫಿಲ್ಮ್‌ಗೆ ಇದು ನಿಲುಕದು, ಬಹಳ ನುಣ್ಣನೆಯ ಕಣಗಳ ಎಮಲ್ಷನ್ (ಬೆಳಕಿಗೆ ಸ್ಪಂದಿಸುವ ಲೇಪ) ಬೇಕು, ಅಂಥ ಎಮಲ್ಷನ್ ಬೆಳಕಿಗೆ ಮಂದವಾಗಿ ಪ್ರತಿಕ್ರಿಯಿಸುವುದರಿಂದ ಎಕ್ಸ್‌ಪೋಷರ್ ದೀರ್ಘವಾಗುತ್ತದೆ. ಅಷ್ಟು ಹೊತ್ತೂ ಒಂದು ಅಲೆಯ ಹಾದಿ ಅರ್ಧ ತರಂಗದೂರದಷ್ಟು, ಅಂದರೆ 316 ನ್ಯಾನೋಮೀಟರ್ ಬದಲಾದರೆ ಬೆಳಕಿದ್ದಲ್ಲಿ ಕತ್ತಲೆಯೂ ಕತ್ತಲೆಯಿದ್ದಲ್ಲಿ ಬೆಳಕೂ ಬಿದ್ದು ಗೆರೆಗಳು ಅಳಿಸಿಹೋಗುತ್ತವೆ. ಅದಕ್ಕಾಗಿಯೇ ಭಾರವಾದ, ಕಂಪನವನ್ನು ಹೀರಿಕೊಳ್ಳುವ ಮೇಜುಗಳನ್ನು ಬಳಸುತ್ತಾರೆ. ಜೊತೆಗೆ ಎರಡು ಹಾದಿಗಳ ಉದ್ದದ ವ್ಯತ್ಯಾಸ ಬೆಳಕಿನ ಸಂಸಕ್ತ ಉದ್ದವನ್ನು ಮೀರಬಾರದು. ಸೂರ್ಯನ ಬೆಳಕಿಗೆ ಆ ಉದ್ದ ಸುಮಾರು ಒಂದು ಮೈಕ್ರೊಮೀಟರ್, ಸಾಧಾರಣ ಹೀಲಿಯಂ-ನಿಯಾನ್ ಲೇಸರ್‌ಗೆ 20 ಸೆಂಟಿಮೀಟರ್‌ನ ಆಸುಪಾಸು.

ಸೋವಿಯತ್ ಒಕ್ಕೂಟದ ಯೂರಿ ಡೆನಿಸ್ಯುಕ್ 1962ರಲ್ಲಿ ಬೇರೆಯದೇ ದಾರಿ ಹಿಡಿದರು. ಬಣ್ಣದ ಫೋಟೊಗಳಿಗಾಗಿ ನಿಂತ ಅಲೆಗಳನ್ನು (ಎದುರುಬದುರಾಗಿ ಸಾಗುವ ಎರಡು ಅಲೆಗಳು ಕೂಡಿ ಆಗುವ, ಮುಂದೆ ಸಾಗದ ಅಲೆಗಳನ್ನು) ಬಳಸಿ 1908ರ ನೊಬೆಲ್ ಪಡೆದ ಗೇಬ್ರಿಯಲ್ ಲಿಪ್ಮನ್‌ರ ವಿಧಾನವನ್ನು ಅವರು ಹೋಲೊಗ್ರಾಮ್‌ಗೆ ತಂದರು. ಆಧಾರ ತರಂಗ ಒಂದು ಬದಿಯಿಂದ, ವಸ್ತು ತರಂಗ ಎದುರು ಬದಿಯಿಂದ ಬಂದಾಗ ವ್ಯತಿಕರಣದ ಪಟ್ಟಿಗಳು ಫಲಕಕ್ಕೆ ಹೆಚ್ಚುಕಡಿಮೆ ಸಮಾಂತರವಾದ ಪದರಗಳಾಗಿ ಎಮಲ್ಷನ್‌ನ ಒಳಗೇ ಬೀಳುತ್ತವೆ. ವಕ್ರೀಭವನಾಂಕ 1.5 ಎಂದುಕೊಂಡರೆ ಪದರಗಳ ಅಂತರ 211 ನ್ಯಾನೋಮೀಟರ್. 10 ಮೈಕ್ರೊಮೀಟರ್ ದಪ್ಪದ ಎಮಲ್ಷನ್‌ನಲ್ಲಿ ಇಂಥ 47 ಪದರಗಳು ಹಿಡಿಸುತ್ತವೆ. ಎಲ್ಲ ಪದರಗಳಿಂದ ಚದರಿದ ಬೆಳಕು ಒಂದನ್ನೊಂದು ಬಲಪಡಿಸಬೇಕಾದರೆ, ಪದರಗಳ ಅಂತರ, ಬೆಳಕಿನ ಕೋನ, ತರಂಗದೂರ ಮೂರೂ ಹೊಂದಬೇಕೆನ್ನುವ ಬ್ರ್ಯಾಗ್ ನಿಯಮ ಪೂರೈಸಬೇಕು. ವ ಅದನ್ನು ಪೂರೈಸುತ್ತದೆ, ವ* ಪೂರೈಸದೆ ತಾನಾಗಿ ಕ್ಷೀಣಿಸುತ್ತದೆ. ಅದೇ ನಿಯಮ ತನಗೆ ಹೊಂದುವ ತರಂಗದೂರವನ್ನಷ್ಟೇ ಆರಿಸಿಕೊಳ್ಳುವುದರಿಂದ ನೋಡಲು ಲೇಸರ್ ಬೇಕಿಲ್ಲ, ಒಂದು ಸಣ್ಣ ಬಿಳಿ ದೀಪ ಸಾಕು. ಸಂಸ್ಕರಣೆಯಲ್ಲಿ ಎಮಲ್ಷನ್ ಸ್ವಲ್ಪ ಕುಗ್ಗಿದರೆ ಪದರಗಳು ಹತ್ತಿರವಾಗಿ, ಕೆಂಪು ಲೇಸರ್‌ನಲ್ಲಿ ತೆಗೆದದ್ದು ಹಸಿರಾಗಿ ಕಾಣುವುದೂ ಉಂಟು. ಗಣಿತದ ದೃಷ್ಟಿಯಿಂದ ನನಗೆ ಅತ್ಯಂತ ಸೊಗಸಾಗಿ ಕಾಣುವುದು ಇದೇ: ಜೋಡಿ ಬಿಂಬವನ್ನು ಬೇರೆಡೆಗೆ ಕಳಿಸುವ ಗೋಜಿಲ್ಲದೆ, ಫಲಕದ ದಪ್ಪವೇ ಅದನ್ನು ಅಡಗಿಸಿಬಿಡುತ್ತದೆ.

ಹೋಲೊಗ್ರಾಮ್ ಒಡೆದರೆ ಪ್ರತಿ ಚೂರಿನಲ್ಲೂ ಇಡೀ ಚಿತ್ರ ಉಳಿಯುತ್ತದೆ ಎಂಬ ಮಾತಿಗೆ ಒಂದು ತಿದ್ದುಪಡಿ ಬೇಕು. ಫಲಕದ ಪ್ರತಿ ಭಾಗಕ್ಕೂ ವಸ್ತುವಿನ ಎಲ್ಲ ಬಿಂದುಗಳಿಂದ ಬೆಳಕು ಬಂದಿರುವುದು ನಿಜ, ಆದರೆ ಚೂರು ಉಳಿಸಿಕೊಳ್ಳುವುದು ಅದು ಇದ್ದ ಜಾಗದಿಂದ ಕಾಣುವ ನೋಟವನ್ನು ಮಾತ್ರ. ಕಿಟಕಿಯ ಬಹುಭಾಗವನ್ನು ಮುಚ್ಚಿ ಒಂದು ಮೂಲೆಯಿಂದ ನೋಡಿದ ಹಾಗೆ. ಸ್ಪಷ್ಟತೆಯೂ ತಾತ್ತ್ವಿಕವಾಗಿ ಕುಗ್ಗುತ್ತದೆಯಾದರೂ, ಕಣ್ಣಿನ ಪಾಪೆಯೇ ಕೆಲವು ಮಿಲಿಮೀಟರ್ ಅಗಲದ್ದಾದ್ದರಿಂದ, ಚೂರು ಅದಕ್ಕಿಂತ ಚಿಕ್ಕದಾಗುವವರೆಗೆ ನೋಡುವವರಿಗೆ ಅದು ತಿಳಿಯುವುದಿಲ್ಲ. ಇನ್ನು ವೇದಿಕೆಗಳ ಮೇಲೆ ಹೋಲೊಗ್ರಾಮ್ ಹೆಸರಿನಲ್ಲಿ ತೋರಿಸುವ ಮನುಷ್ಯಾಕೃತಿಗಳು ಸಾಮಾನ್ಯವಾಗಿ ಓರೆಯಾಗಿ ನಿಲ್ಲಿಸಿದ ಪಾರದರ್ಶಕ ಹಾಳೆಯಲ್ಲಿನ ಪ್ರತಿಫಲನಗಳು. 1860ರ ದಶಕದಲ್ಲಿ ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ಜನಪ್ರಿಯಗೊಳಿಸಿದ ಹಳೆಯ ತಂತ್ರವದು. ಅದರಲ್ಲಿ ವ್ಯತಿಕರಣವೂ ಇಲ್ಲ, ಪ್ರಾವಸ್ಥೆಯ ದಾಖಲೆಯೂ ಇಲ್ಲ.

ಈಗ ಫಲಕದ ಜಾಗದಲ್ಲಿ ಕ್ಯಾಮೆರಾದ ಸೆನ್ಸರ್ ಇಟ್ಟು, ಪುನಃ ಸೃಷ್ಟಿಸುವ ಕೆಲಸವನ್ನು ಕಂಪ್ಯೂಟರ್‌ಗೆ ಬಿಡುವುದು ರೂಢಿಯಾಗಿದೆ. ಅಲ್ಲಿ ಓರೆಯ ವಿಧಾನ ಬೇಗ ಮಿತಿ ಮುಟ್ಟುತ್ತದೆ: ಪಿಕ್ಸೆಲ್ 3 ಮೈಕ್ರೊಮೀಟರ್‌ನದಾದರೆ, ಒಂದು ಗೆರೆಗೆ ಕನಿಷ್ಠ ಎರಡು ಪಿಕ್ಸೆಲ್ ಬೇಕಾದ್ದರಿಂದ, ಎರಡು ಅಲೆಗಳ ನಡುವಿನ ಕೋನ 6 ಡಿಗ್ರಿಯನ್ನು ಮೀರುವಂತಿಲ್ಲ, ವಾಹಕವೂ ವಸ್ತುವಿನ ವಿವರಗಳೂ ಅದರೊಳಗೇ ಅಡಕವಾಗಬೇಕು. ಆದ್ದರಿಂದ ಗ್ಯಾಬರ್‌ರ ನೇರ ಜೋಡಣೆಗೇ ಮರಳಿ, ಚಿಹ್ನೆಯನ್ನು ಬೇರೆ ರೀತಿಯಲ್ಲಿ ಪಡೆದುಕೊಳ್ಳುವ ವಿಧಾನವೊಂದು 1990ರ ದಶಕದಲ್ಲಿ ಬಳಕೆಗೆ ಬಂದಿತು. ಆಧಾರ ತರಂಗದ ಹಾದಿಯಲ್ಲಿರುವ ಕನ್ನಡಿಯನ್ನು ಪ್ರತಿ ಸಲ 79 ನ್ಯಾನೋಮೀಟರ್ ಹಿಂದಕ್ಕೆ ಸರಿಸಿದರೆ, ಹೋಗಿ ಬರುವ ಹಾದಿ ಕಾಲು ತರಂಗದೂರದಷ್ಟು ಬದಲಾಗಿ, ಪ್ರಾವಸ್ಥೆ 90 ಡಿಗ್ರಿ ಸರಿಯುತ್ತದೆ. ಹೀಗೆ 0, 90, 180, 270 ಡಿಗ್ರಿಗಳಲ್ಲಿ ನಾಲ್ಕು ಚಿತ್ರ ತೆಗೆಯಬೇಕು. ಮೊದಲನೆಯದರಿಂದ ಮೂರನೆಯದನ್ನು ಕಳೆದರೆ |ವ|² ಮತ್ತು |ಆ|² ವಜಾ ಆಗಿ ಕೋಸೈನ್ ಭಾಗ ಉಳಿಯುತ್ತದೆ. ಎರಡನೆಯದರಿಂದ ನಾಲ್ಕನೆಯದನ್ನು ಕಳೆದರೆ ಸೈನ್ ಭಾಗ ಉಳಿಯುತ್ತದೆ. ಸೈನ್‌ಗೆ ಧನ ಕೋನವೂ ಋಣ ಕೋನವೂ ಒಂದೇ ಅಲ್ಲ. ಎರಡನೆಯ ವ್ಯತ್ಯಾಸವನ್ನು ಋಣ ಒಂದರ ವರ್ಗಮೂಲದಿಂದ ಗುಣಿಸಿ ಮೊದಲನೆಯದಕ್ಕೆ ಕೂಡಿಸಿದರೆ ಸಿಗುವುದು ನಿಖರವಾಗಿ 4·ವ·ಆ*. ನಾಲ್ಕನೆಯ ಪದ ಪೂರ್ತಿಯಾಗಿ ಹೋಗಿದೆ, ಕೋನದ ಖರ್ಚಿಲ್ಲದೆ ಸೆನ್ಸರ್‌ನ ಸಂಪೂರ್ಣ ಸಾಮರ್ಥ್ಯ ವಸ್ತುವಿನ ಪಾಲಿಗೆ ಉಳಿದಿದೆ.

ಬಣ್ಣವಿಲ್ಲದ, ಬೆಳಕನ್ನು ಅಷ್ಟಾಗಿ ಹೀರದ ಜೀವಕೋಶಗಳನ್ನು ನೋಡಲು ಇದು ಬಹಳ ಅನುಕೂಲ, ಏಕೆಂದರೆ ಅವು ಬೆಳಕಿನ ತೀವ್ರತೆಯನ್ನು ಬದಲಿಸದಿದ್ದರೂ ಪ್ರಾವಸ್ಥೆಯನ್ನು ಬದಲಿಸುತ್ತವೆ. ವಕ್ರೀಭವನಾಂಕ ಗೊತ್ತಿದ್ದರೆ ಪ್ರಾವಸ್ಥೆಯ ನಕ್ಷೆಯೇ ದಪ್ಪದ ನಕ್ಷೆಯಾಗುತ್ತದೆ. ಆದರೆ ನಾಲ್ಕು ಚಿತ್ರಗಳೂ ಮುಗಿಯುವವರೆಗೆ ವಸ್ತು ಅಲುಗಾಡಬಾರದು. ಚಲಿಸುತ್ತಿರುವ ಕೋಶವಾದರೆ ಒಂದೇ ಚಿತ್ರದಲ್ಲಿ ಕೆಲಸ ಮುಗಿಸಬೇಕಾಗುತ್ತದೆ, ಆಗ ಮತ್ತೆ ಲೀತ್ ಮತ್ತು ಉಪಾಟ್ನಿಯೆಕ್ಸ್‌ರ ಓರೆ ಅಲೆಯೇ ಗತಿ. ಆ 6 ಡಿಗ್ರಿಯೊಳಗೆ ವಾಹಕಕ್ಕೆಷ್ಟು, ಕೋಶದ ವಿವರಗಳಿಗೆಷ್ಟು ಎಂದು ಹಂಚಿಕೊಳ್ಳಬೇಕು.